ಗುಜರಿಗೆ ಹಾಕುವ ಮೊದಲು ಪೆಡಲ್ ಬಿಚ್ಚಿ ನೋಡಿ

ಮಾನ್ಯ ಸಂಪಾದಕರೇ,

ಗಣಪತಿ ಹಬ್ಬ ಹತ್ತಿರ ಬಂದಂತೆ ಚಿಕ್ಕಮಗಳೂರು ಜಿಲ್ಲೆಯ ಶಾಲೆ, ಕಾಲೇಜು, ಚರ್ಚು, ಯುವಕ ಸಂಘಗಳ ಸಾಮಾನು ಕೋಣೆಗಳಿಂದ ಡ್ರಮ್ ಸೆಟ್ಟುಗಳು ಹೊರಗೆ ಬರುತ್ತವೆ. ಜೂನ್ ತಿಂಗಳಲ್ಲಿ ಬೀಗ ಹಾಕಿದ ಕೋಣೆ ಅದು. ಸ್ಟ್ಯಾಂಡಿನ ಕಾಲು ಬಿಚ್ಚಿಕೊಳ್ಳುವುದಿಲ್ಲ, ಕಾಲಿನಲ್ಲಿ ತುಳಿಯುವ ಪೆಡಲ್ ಕಿರುಗುಡುತ್ತದೆ, ಲೋಹದ ತಟ್ಟೆಯಂಥ ಸಿಂಬಲ್ ಎಷ್ಟು ಬಿಗಿ ಮಾಡಿದರೂ ಜಾರಿ ಕೆಳಗಿಳಿಯುತ್ತದೆ. ‘ಸೆಟ್ ಹೋಯ್ತು, ಹೊಸದು ತರಿಸೋಣ’ ಎಂಬ ತೀರ್ಮಾನ ಅರ್ಧ ಗಂಟೆಯೊಳಗೆ ಆಗಿಬಿಡುತ್ತದೆ. ಹಳೆಯದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತದೆ.

ಹೀಗೆ ಹೋಗುವ ಸೆಟ್ಟುಗಳಲ್ಲಿ ಮರದ ಷೆಲ್ (ಡ್ರಮ್ಮಿನ ಮೈ) ಹಾಳಾಗಿರುವುದು ಅಪರೂಪ. ಕೆಟ್ಟಿರುವುದು ಲೋಹದ ಸಾಮಾನು. ಅದರಲ್ಲೂ ಇಡೀ ಸ್ಟ್ಯಾಂಡ್ ಕೆಟ್ಟಿರುವುದಿಲ್ಲ. ಒಳಗಿನ ಒಂದು ನೈಲಾನ್ ಬುಷ್ಷೋ, ಫೆಲ್ಟಿನ ಬಿಲ್ಲೆಯೋ, ಹಲ್ಲು ಸವೆದ ವಿಂಗ್ ನಟ್ಟೋ (ಬೆರಳಲ್ಲಿ ತಿರುಗಿಸುವ ರೆಕ್ಕೆಯ ನಟ್ಟು) ಅಷ್ಟೇ. ಇವನ್ನು ಗುರುತಿಸಿ ಸರಿಪಡಿಸಲು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಊರಿನ ಹಾರ್ಡ್‌ವೇರ್ ಅಂಗಡಿ, ಸೈಕಲ್ ಶಾಪು, ಲೇತ್, ಚಪ್ಪಲಿ ಹೊಲಿಯುವವರ ಬಳಿ ಬೇಕಾದದ್ದು ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ. ಸೆಟ್ಟಿನ ಉಸ್ತುವಾರಿ ಹೊತ್ತ ಶಿಕ್ಷಕರು, ಸಮಿತಿಯವರು, ನುಡಿಸುವ ಮಕ್ಕಳಿಗೆ ಉಪಯೋಗವಾಗಲೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇವೆ. ಪತ್ರ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ಮೊದಲು ಇಡುವ ಜಾಗದ ಮಾತು. ಕಾಫಿ ಮೂಟೆಗೆ ತೇವ ತಾಗಬಾರದೆಂದು ಮರದ ಹಲಗೆ ಹಾಸಿ, ಗೋಡೆಯಿಂದ ದೂರ ಪೇರಿಸುವ ಶಿಸ್ತು ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಡ್ರಮ್ ಸೆಟ್ಟಿಗೆ ಬೇಕಾಗಿರುವುದೂ ಅದೇ ಶಿಸ್ತು. ಆದರೆ ಸೆಟ್ಟನ್ನು ಸಿಮೆಂಟ್ ನೆಲದ ಮೇಲೆ, ಗೋಡೆಗೆ ಒರಗಿಸಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿ ಇಡುತ್ತಾರೆ. ಪ್ಲಾಸ್ಟಿಕ್ ಹೊದಿಕೆ ನೆಲದಿಂದ ಏಳುವ ತೇವವನ್ನು ಒಳಗೇ ಹಿಡಿದಿಡುತ್ತದೆ. ಸ್ಟ್ಯಾಂಡುಗಳ ಮೇಲಿರುವ ಕ್ರೋಮ್ ಲೇಪ ಬಹಳ ತೆಳು; ಕಣ್ಣಿಗೆ ಕಾಣದ ರಂಧ್ರಗಳು ಅದರಲ್ಲಿರುತ್ತವೆ. ಅವುಗಳ ಮೂಲಕ ತೇವ ಕೆಳಗಿನ ಉಕ್ಕನ್ನು ಮುಟ್ಟುತ್ತದೆ. ಮೊದಲು ಕಾಣುವ ಸಾಸಿವೆ ಗಾತ್ರದ ಕಂದು ಚುಕ್ಕೆಗಳು ಇದೇ ರಂಧ್ರಗಳಿಂದ ಹೊರಟ ತುಕ್ಕು. ಪ್ಲಾಸ್ಟಿಕ್ಕಿನ ಬದಲು ಹಳೆಯ ಹತ್ತಿ ಬೆಡ್‌ಶೀಟ್ ಹೊದಿಸಿ, ನೆಲದಿಂದ ನಾಲ್ಕು ಇಂಚಾದರೂ ಎತ್ತರದ ಹಲಗೆಯ ಮೇಲಿಡಿ. ಶೃಂಗೇರಿ, ಕೊಪ್ಪ, ಮೂಡಿಗೆರೆ ಕಡೆಯವರು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೋಣೆಯ ಬಾಗಿಲು ತೆಗೆದು, ಬಿಸಿಲು ಬಿದ್ದ ದಿನ ಒಂದೆರಡು ಗಂಟೆ ಗಾಳಿಯಾಡಲು ಬಿಟ್ಟರೆ ಅರ್ಧ ತೊಂದರೆ ಕಳೆಯಿತು. ಕಡೂರು, ಅಜ್ಜಂಪುರದ ಬಯಲು ಕಡೆ ಕಥೆ ಬೇರೆ. ಅಲ್ಲಿ ತುಕ್ಕಿಗಿಂತ ಧೂಳು ಹೆಚ್ಚು ಕೆಡಿಸುತ್ತದೆ. ಎಣ್ಣೆ ಹೆಚ್ಚು ಹಾಕಿದಷ್ಟೂ ಧೂಳು ಅಂಟಿ, ಅರೆಯುವ ಕಲ್ಲಿನ ಹಾಗೆ ಕೀಲುಗಳನ್ನು ಸವೆಸುತ್ತದೆ.

ಈಗಾಗಲೇ ಹಿಡಿದಿರುವ ಮೇಲ್ಮೈ ತುಕ್ಕಿಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಅಂಗೈ ಅಗಲದ ತುಂಡನ್ನು ಮುದುರಿ, ನೀರಿನಲ್ಲಿ ಅದ್ದಿ, ಕ್ರೋಮ್ ಮೇಲೆ ಹಗುರವಾಗಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದು, ಹಾಗಾಗಿ ಲೇಪಕ್ಕೆ ಗೀರು ಬೀಳುವುದಿಲ್ಲ. ಕಪ್ಪು ನೀರು ಬಿಡುತ್ತದೆ, ಒಣ ಬಟ್ಟೆಯಲ್ಲಿ ಒರೆಸಿ. ಪೂರ್ತಿ ಒಣಗಿದ ಮೇಲೆ ಬಟ್ಟೆಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಹಾಕಿ ಎಲ್ಲ ಕಡೆ ಸವರಿ, ಜಿಡ್ಡು ಉಳಿಯದಂತೆ ಒರೆಸಿಬಿಡಿ. ಎಮರಿ ಪೇಪರನ್ನು ಕ್ರೋಮ್ ಮೇಲೆ ಆಡಿಸಲೇಬೇಡಿ. ಇವತ್ತು ಹೊಳೆದರೂ ಲೇಪ ಹೋದ ಜಾಗ ಮುಂದಿನ ಮಳೆಗೆ ಕೆಂಪಾಗುತ್ತದೆ. ತಾಮ್ರದ ಚೊಂಬಿಗೆ ಹಾಕುವ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ಹಾಕಿ ಉಜ್ಜುವ ರೂಢಿಯೂ ಕೆಲವು ಕಡೆ ಇದೆ. ಹುಳಿ ಲೇಪದ ರಂಧ್ರಗಳಿಗೆ ಇಳಿದರೆ ತೊಳೆದರೂ ಪೂರ್ತಿ ಹೋಗುವುದಿಲ್ಲ, ಒಳಗಿನ ಉಕ್ಕನ್ನು ತಿನ್ನುತ್ತಲೇ ಇರುತ್ತದೆ.

ಎಣ್ಣೆಯ ವಿಷಯ ಬಂದಾಗ ಇನ್ನೊಂದು ಮಾತು. ಮನೆಯಲ್ಲಿ ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಅದನ್ನು ಪೆಡಲಿಗೂ ಸ್ಟ್ಯಾಂಡಿಗೂ ಹಾಕಬೇಡಿ. ಉಷ್ಣಾಂಶ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಹೆಪ್ಪುಗಟ್ಟುತ್ತದೆ. ಡಿಸೆಂಬರಿನ ಕ್ರಿಸ್ಮಸ್ ರಾತ್ರಿ, ಜನವರಿಯ ಬೆಳಗಿನ ಕಾರ್ಯಕ್ರಮಗಳಲ್ಲಿ ನಮ್ಮ ಊರುಗಳಲ್ಲಿ ಎಷ್ಟು ಥಂಡಿ ಇರುತ್ತದೆಂದು ಹೇಳಬೇಕಾಗಿಲ್ಲ. ಆಗ ಪೆಡಲ್ ಭಾರವಾಗುತ್ತದೆ, ನುಡಿಸುವವರಿಗೆ ಕಾರಣವೇ ತಿಳಿಯುವುದಿಲ್ಲ. ಸ್ಪ್ರೇ ಡಬ್ಬಿಯಲ್ಲಿ ಬರುವ ತುಕ್ಕು ಬಿಡಿಸುವ ದ್ರವ ಸಿಕ್ಕಿಹಾಕಿಕೊಂಡ ಬೋಲ್ಟ್ ಸಡಿಲಿಸಲು ಒಳ್ಳೆಯದು, ಆದರೆ ಬೇಗ ಆರಿಹೋಗುವುದರಿಂದ ಅದು ಕೀಲೆಣ್ಣೆಯ ಕೆಲಸ ಮಾಡುವುದಿಲ್ಲ. ತಿರುಗುವ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ, ಥ್ರೆಡ್‌ಗಳಿಗೆ, ಅಂದರೆ ತಿರುಪಿನ ಸುತ್ತುಗಳಿಗೆ, ಅಕ್ಕಿಕಾಳಿನಷ್ಟು ಗ್ರೀಸ್ ಅಥವಾ ವ್ಯಾಸಲೀನ್. ಇವೆರಡಿದ್ದರೆ ಸಾಕು.

ಇನ್ನು ಟೆನ್ಷನ್ ರಾಡುಗಳು. ಡ್ರಮ್ಮಿನ ಮೇಲಿನ ಹೊದಿಕೆ ಹೆಡ್, ಅದನ್ನು ಒತ್ತಿ ಹಿಡಿಯುವ ಬಳೆ ರಿಮ್ಮು, ರಿಮ್ಮನ್ನು ಎಳೆದು ಬಿಗಿ ಮಾಡುವ ಉದ್ದ ತಿರುಪುಗಳೇ ಈ ರಾಡುಗಳು, ಅವು ಹೋಗಿ ಸೇರುವ, ಷೆಲ್ಲಿಗೆ ಕೂರಿಸಿದ ಗೂಡು ಲಗ್. ಐದು ಡ್ರಮ್‌ಗಳ ಒಂದು ಸೆಟ್ಟಿನಲ್ಲಿ ಎಲ್ಲ ಹೆಡ್‌ಗಳ ಸುತ್ತ ಸೇರಿ ಸುಮಾರು 60ರಿಂದ 75 ರಾಡುಗಳಿರುತ್ತವೆ. ಒಂದೆರಡು ಕಳೆದುಹೋಗುವುದು ಸಹಜ. ಆಗ ಹಾರ್ಡ್‌ವೇರ್ ಅಂಗಡಿಯಿಂದ ‘ಹೊಂದುವಂಥ’ ಬೋಲ್ಟ್ ತಂದು ತಿರುಗಿಸುತ್ತಾರೆ. ಸೆಟ್ಟುಗಳಿಗೆ ಆಗುವ ದೊಡ್ಡ ಅನಾಹುತ ಇದೇ. ಬಹುತೇಕ ಅಮೆರಿಕನ್, ಜಪಾನೀ ಕಂಪನಿಗಳ ರಾಡಿನ ದಪ್ಪ ಸುಮಾರು 5.5 ಮಿಲಿಮೀಟರ್, ಇಂಚಿಗೆ 24 ಸುತ್ತಿನ ಥ್ರೆಡ್. ನಮ್ಮ ಅಂಗಡಿಗಳಲ್ಲಿ ಸಿಗುವ 5 ಮಿಲಿಮೀಟರಿನ ಬೋಲ್ಟ್ ಲಗ್‌ನೊಳಗೆ ಲೊಡಲೊಡ ಅನ್ನುತ್ತದೆ, ಬಿಗಿ ಮಾಡಿದರೆ ಜಾರುತ್ತದೆ. 6 ಮಿಲಿಮೀಟರಿನದ್ದು ಒಳಗೇ ಹೋಗುವುದಿಲ್ಲ. ಬಲವಂತದಿಂದ ತಿರುಗಿಸಿದರೆ ಲಗ್‌ನೊಳಗಿನ ಥ್ರೆಡ್ ಸಂಪೂರ್ಣ ಕಿತ್ತುಬರುತ್ತದೆ. ಕೆಲವು ಯುರೋಪಿಯನ್ ಸೆಟ್ಟುಗಳ ಅಳತೆಯೇ ಬೇರೆ. ಆದ್ದರಿಂದ ಹೊಸ ರಾಡು ತರಿಸುವಾಗ ಉದ್ದ ಮಾತ್ರ ಹೇಳಿದರೆ ಸಾಲದು, ಹಳೆಯ ಒಂದು ರಾಡನ್ನು ಮಾದರಿಯಾಗಿ ಕೊಟ್ಟು ಕಳಿಸಿ. ಅಲ್ಲಿಯವರೆಗೆ ಬೇಸ್ ಡ್ರಮ್ಮಿನ (ನೆಲದ ಮೇಲಿಟ್ಟು ಪೆಡಲಿನಿಂದ ನುಡಿಸುವ ದೊಡ್ಡ ಡ್ರಮ್ಮಿನ) ಮುಂದಿನ ಹೆಡ್‌ನಿಂದ ಒಂದು ರಾಡು ತೆಗೆದು, ಉದ್ದ ಹೊಂದಿದರೆ, ಬೇಕಾದ ಕಡೆ ಹಾಕಿಕೊಳ್ಳಬಹುದು. ಮುಂದಿನ ಹೆಡ್‌ನಲ್ಲಿ ಒಂದು ಕಡಿಮೆಯಾದರೆ ಕೇಳುವವರಿಗೆ ಗೊತ್ತಾಗುವುದಿಲ್ಲ.

ತುಕ್ಕು ಹಿಡಿದು ತಿರುಗದ ರಾಡಿಗೆ ಸುತ್ತಿಗೆ ಪೆಟ್ಟು ಕೊಡಬೇಡಿ. ಲಗ್‌ಗಳು ಸಾಮಾನ್ಯವಾಗಿ ಎರಕದ ಸತುವಿನವು, ಉಕ್ಕಲ್ಲ. ಪೆಟ್ಟಿಗೆ ಬಿರುಕು ಬಿಡುತ್ತವೆ. ರಾಡು ಲಗ್‌ನೊಳಗೆ ಸೇರುವ ಜಾಗಕ್ಕೆ ಎರಡು ಹನಿ ಡೀಸೆಲ್ ಅಥವಾ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ಡ್ರಮ್ ಕೀ (ರಾಡು ತಿರುಗಿಸುವ ಚಾವಿ) ಹಾಕಿ ಮೊದಲು ಬಿಗಿ ಮಾಡುವ ಕಡೆಗೆ ಒಂದಿಷ್ಟು ಅಲುಗಿಸಿ, ಆಮೇಲೆ ಸಡಿಲಿಸುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದೆ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಬಂದರೆ ತುಕ್ಕು ಪುಡಿಯಾಗಿ ದಾರಿ ಬಿಡುತ್ತದೆ. ರಾಡು ಹೊರಬಂದ ಮೇಲೆ ಹಳೆಯ ಟೂತ್‌ಬ್ರಷ್‌ನಿಂದ ಥ್ರೆಡ್ ಉಜ್ಜಿ, ಒರೆಸಿ, ಗ್ರೀಸ್ ಸವರಿ.

ನುಡಿಸುತ್ತಿದ್ದಂತೆ ರಾಡುಗಳು ತಾವಾಗಿಯೇ ಸಡಿಲಾಗುತ್ತವೆ ಎಂಬ ದೂರು ಸ್ನೇರ್‌ನಲ್ಲಿ (ಅಡಿಯಲ್ಲಿ ತಂತಿ ಜಾಲರಿ ಇರುವ ಡ್ರಮ್ಮಿನಲ್ಲಿ) ಹೆಚ್ಚು. ಕೋಲು ರಿಮ್ಮಿಗೆ ಬಡಿದಾಗಲೆಲ್ಲ ಹತ್ತಿರದ ಎರಡು ರಾಡುಗಳ ಮೇಲಿನ ಒತ್ತಡ ಕ್ಷಣಕಾಲ ಇಳಿಯುತ್ತದೆ, ಕಂಪನಕ್ಕೆ ಅವು ಒಂದಿಷ್ಟು ಹಿಂದಕ್ಕೆ ತಿರುಗುತ್ತವೆ. ನಲ್ಲಿ ಕೆಲಸದವರು ಬಳಸುವ ಬಿಳಿ ಟೆಫ್ಲಾನ್ ಟೇಪನ್ನು ಆ ಎರಡು ರಾಡುಗಳ ಥ್ರೆಡ್‌ಗೆ, ಬಿಗಿಯಾಗುವ ದಿಕ್ಕಿನಲ್ಲಿ, ಎರಡು ಸುತ್ತು ಸುತ್ತಿ ಹಾಕಿದರೆ ನಿಲ್ಲುತ್ತವೆ. ಟೇಪ್ ಸುತ್ತಿದ ರಾಡಿಗೆ ಗ್ರೀಸ್ ಬೇಡ. ತಲೆಯ ಕೆಳಗಿನ ಲೋಹದ ವಾಷರ್ ಜೊತೆ ಒಂದು ನೈಲಾನ್ ವಾಷರ್ ಸೇರಿಸಿದರೆ ಇನ್ನೂ ಒಳ್ಳೆಯದು.

ಹೆಡ್ ಬದಲಿಸಿ ಮತ್ತೆ ಬಿಗಿ ಮಾಡುವಾಗ ವೃತ್ತಾಕಾರದಲ್ಲಿ ಒಂದರ ಪಕ್ಕ ಒಂದು ಬಿಗಿ ಮಾಡಬಾರದು. ಎಲ್ಲವನ್ನೂ ಮೊದಲು ಬೆರಳಲ್ಲೇ ತಿರುಗುವಷ್ಟು ತಿರುಗಿಸಿ. ಆರು ರಾಡುಗಳ ಟಾಮ್ (ಸೆಟ್ಟಿನ ಮಧ್ಯಮ ಗಾತ್ರದ ಡ್ರಮ್ಮು) ಆದರೆ, ಗಡಿಯಾರದ ಮುಖ ಅಂದುಕೊಂಡು 12, 6, 2, 8, 4, 10 ಹೀಗೆ ಎದುರುಬದುರಾಗಿ ಅರ್ಧರ್ಧ ಸುತ್ತು. ಮೇಲೆ ಹೇಳಿದ ಥ್ರೆಡ್‌ನಲ್ಲಿ ಒಂದು ಪೂರ್ತಿ ಸುತ್ತಿಗೆ ರಿಮ್ಮು ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಒಂದೇ ಕಡೆ ಎರಡು ಮೂರು ಸುತ್ತು ಹಾಕಿದವರ ರಿಮ್ಮು ಸೊಟ್ಟಗಾಗುವುದು ಈ ಕಾರಣಕ್ಕೆ. ಸೊಟ್ಟಗಾದ ರಿಮ್ಮಿಗೆ ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಒಂದು ಪಕ್ಕ ಗಟ್ಟಿ, ಇನ್ನೊಂದು ಪಕ್ಕ ಸಡಿಲವೇ. ಅನುಮಾನವಿದ್ದರೆ ರಿಮ್ಮನ್ನು ಬಿಚ್ಚಿ ಗ್ರಾನೈಟ್ ಕಟ್ಟೆಯ ಮೇಲೆ ಮಲಗಿಸಿ ನೋಡಿ. ಎಲ್ಲ ಕಡೆ ಒಂದೇ ಸಮ ಕೂರಬೇಕು.

ಸಿಂಬಲ್ ಸ್ಟ್ಯಾಂಡಿನ ತಲೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಇರಬೇಕಾದ ಕ್ರಮ ಇದು: ಲೋಹದ ಬಟ್ಟಲು ವಾಷರ್, ರಾಡಿನ ಸುತ್ತ ಪ್ಲಾಸ್ಟಿಕ್ ಕೊಳವೆ, ಕೆಳ ಫೆಲ್ಟ್, ಸಿಂಬಲ್, ಮೇಲಿನ ಫೆಲ್ಟ್, ಕೊನೆಗೆ ವಿಂಗ್ ನಟ್. ಶಾಲೆಗಳ ಸೆಟ್ಟುಗಳಲ್ಲಿ ಫೆಲ್ಟ್ ಇದ್ದರೂ ಕೊಳವೆ ಮಾತ್ರ ಇರುವುದೇ ಇಲ್ಲ. ಅದು ಸವೆದು ಬಿದ್ದುಹೋಗಿರುವುದು ಯಾರ ಗಮನಕ್ಕೂ ಬಂದಿರುವುದಿಲ್ಲ. ಕೊಳವೆ ಇಲ್ಲದಿದ್ದರೆ ಸಿಂಬಲ್ಲಿನ ನಡುವಿನ ತೂತು ಥ್ರೆಡ್ ಇರುವ ಉಕ್ಕಿನ ರಾಡಿಗೆ ನೇರವಾಗಿ ಉಜ್ಜುತ್ತದೆ. ಗರಗಸಕ್ಕೆ ಸಿಕ್ಕಂತೆ ಗುಂಡು ತೂತು ಉದ್ದವಾಗುತ್ತಾ, ಬೀಗದ ತೂತಿನ ಆಕಾರಕ್ಕೆ ಬರುತ್ತದೆ. ಅಲ್ಲಿಂದ ಬಿರುಕು ಹೊರಡುತ್ತದೆ. ಬಿರುಕು ಬಿಟ್ಟ ಸಿಂಬಲ್ಲನ್ನು ಬೆಸುಗೆ ಹಾಕಿ ಮೊದಲಿನ ನಾದ ತರಿಸಲು ಯಾರಿಂದಲೂ ಆಗದು. ಸೆಟ್ಟಿನಲ್ಲಿ ಬೆಲೆಬಾಳುವ ವಸ್ತು ಅದು, ಅದನ್ನು ಕಾಯುವುದು ಒಂದು ಇಂಚು ಪ್ಲಾಸ್ಟಿಕ್.

ಆ ಕೊಳವೆಗೆ ಅತ್ಯುತ್ತಮ ಬದಲಿ ಗಾರೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪು. ಸ್ಟ್ಯಾಂಡಿನ ರಾಡು ಬಹುತೇಕ 8 ಮಿಲಿಮೀಟರ್, ಕೆಲವು ಅಗ್ಗದ ಸ್ಟ್ಯಾಂಡುಗಳಲ್ಲಿ 6. ಅಂಗಡಿಗೆ ವಿಂಗ್ ನಟ್ಟನ್ನು ತೆಗೆದುಕೊಂಡು ಹೋಗಿ, ಅದರ ಅಳತೆಯ ಬೋಲ್ಟಿಗೆ ಬಿಗಿಯಾಗಿ ಸೇರುವ, ಆದರೆ ಸಿಂಬಲ್ಲಿನ ತೂತಿನೊಳಗೆ ಸರಾಗವಾಗಿ ಆಡುವಷ್ಟು ತೆಳುವಾದ ಪೈಪನ್ನು ಆರಿಸಿ. 3ರಿಂದ 3.5 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ. ಒಂದು ಅಡಿ ಪೈಪಿನಲ್ಲಿ ಊರಿನ ಎಲ್ಲ ಸೆಟ್ಟುಗಳಿಗೂ ಆಗುತ್ತದೆ. ಪೈಪು ರಾಡಿನ ಮೇಲೆ ಹತ್ತದಿದ್ದರೆ ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ ಹಾಕಿ. ಫೆಲ್ಟ್ ಇಲ್ಲದಿದ್ದರೆ ಹಳೆಯ ಕುರಿ ಕಂಬಳಿಯ ತುಂಡಿನಿಂದ ಎರಡು ಬೆರಳಗಲದ ಬಿಲ್ಲೆಗಳನ್ನು ಕತ್ತರಿಸಿ, ನಾಲ್ಕೈದು ಒಂದರ ಮೇಲೊಂದು ಇಟ್ಟು ಸೂಜಿದಾರದಲ್ಲಿ ಹೊಲಿದರೆ ಹಬ್ಬ ಮುಗಿಯುವವರೆಗೆ ಧಾರಾಳವಾಗಿ ನಡೆಯುತ್ತದೆ. ಫೋಮ್, ಥರ್ಮೊಕೋಲ್ ಹಾಕಬೇಡಿ, ಒಂದು ಗಂಟೆಗೆ ಪುಡಿಯಾಗುತ್ತವೆ.

ವಿಂಗ್ ನಟ್ಟನ್ನು ಸಿಂಬಲ್ ಅಲುಗದಂತೆ ಬಿಗಿ ಮಾಡುವುದು ಇನ್ನೊಂದು ತಪ್ಪು. ಬೆರಳಲ್ಲಿ ತಳ್ಳಿದರೆ ಸಿಂಬಲ್ ಉಯ್ಯಾಲೆಯಂತೆ ತೂಗಬೇಕು. ಕಟ್ಟಿಹಾಕಿದ ಸಿಂಬಲ್ ಕೋಲಿನ ಪೆಟ್ಟನ್ನೆಲ್ಲ ತನ್ನ ಮೈಯಲ್ಲೇ ನುಂಗಿ ಅಂಚಿನಲ್ಲಿ ಒಡೆಯುತ್ತದೆ.

ಸ್ಟ್ಯಾಂಡ್ ತಾನಾಗಿಯೇ ಕೆಳಗಿಳಿಯುತ್ತಿದ್ದರೆ ಕೊಳವೆಗಳು ಸೇರುವ ಜಾಗದ ವಿಂಗ್ ಬೋಲ್ಟನ್ನು ಇಕ್ಕಳ ಹಾಕಿ ತಿರುಚಬೇಡಿ. ಆ ಕೀಲಿನೊಳಗೆ ಸೀಳಿರುವ ನೈಲಾನ್ ಬುಷ್ ಒಂದಿದೆ. ಬೋಲ್ಟ್ ಅದನ್ನು ಒತ್ತುತ್ತದೆ, ಅದು ಒಳಕೊಳವೆಯನ್ನು ಸುತ್ತಲೂ ಹಿಡಿಯುತ್ತದೆ. ಬುಷ್ ಒಡೆದಿದ್ದರೆ ಎಷ್ಟು ಬಿಗಿ ಮಾಡಿದರೂ ಹಿಡಿತ ಸಿಗುವುದಿಲ್ಲ, ಬದಲಿಗೆ ಬೋಲ್ಟಿನ ತುದಿ ಕೊಳವೆಗೆ ಗುಳಿ ಹಾಕುತ್ತದೆ. ಒಮ್ಮೆ ಗುಳಿ ಬಿದ್ದರೆ ಸ್ಟ್ಯಾಂಡ್ ಅದೇ ಎತ್ತರಕ್ಕೆ ಬಂದು ಕೂರುತ್ತದೆ, ಬೇರೆ ಎತ್ತರಕ್ಕೆ ಒಪ್ಪುವುದಿಲ್ಲ. ತಂಪುಪಾನೀಯದ ಪ್ಲಾಸ್ಟಿಕ್ ಬಾಟಲಿಯ ಮೈಯಿಂದ ಬುಷ್ಷಿನ ಎತ್ತರದಷ್ಟು ಅಗಲದ ಪಟ್ಟಿ ಕತ್ತರಿಸಿ, ಒಳಕೊಳವೆಗೆ ಒಂದು ಸುತ್ತು ಸುತ್ತಿ ಸೇರಿಸಿ. ಇದು ತಾತ್ಕಾಲಿಕ. ಶಾಶ್ವತವಾಗಿ ಬೇಕಿದ್ದರೆ ಒಳಕೊಳವೆ, ಹೊರಕೊಳವೆ ಎರಡನ್ನೂ ಲೇತ್‌ನವರಿಗೆ ಕೊಡಿ. ನೈಲಾನ್ ಸರಳಿನಲ್ಲಿ ಬುಷ್ ಕಡೆದು, ಒಂದು ಪಕ್ಕ ಸೀಳಿ ಕೊಡುತ್ತಾರೆ. ಬೋಲ್ಟ್ ಯಾವಾಗಲೂ ಹೆಬ್ಬೆರಳು, ತೋರುಬೆರಳು ಎರಡರ ಬಲದಲ್ಲಿ ಬಿಗಿಯಾಗುವಷ್ಟೇ ಇರಲಿ. ಅದಕ್ಕಿಂತ ಹೆಚ್ಚು ಬೇಕಾಗುತ್ತಿದೆ ಅಂದರೆ ಒಳಗೇನೋ ಕೆಟ್ಟಿದೆ ಎಂದೇ ಅರ್ಥ.

ಬೂಮ್ ಸ್ಟ್ಯಾಂಡಿನ (ಪಕ್ಕಕ್ಕೆ ಚಾಚುವ ತೋಳಿರುವ ಸ್ಟ್ಯಾಂಡಿನ) ಓರೆ ಬದಲಿಸುವ ಕೀಲಿನಲ್ಲಿ ಹಲ್ಲುಗಳಿದ್ದರೆ, ಬೋಲ್ಟನ್ನು ಪೂರ್ತಿ ಸಡಿಲಿಸಿ ಹಲ್ಲು ಬಿಡಿಸಿದ ಮೇಲೆಯೇ ತಿರುಗಿಸಿ. ಅರೆಬರೆ ಸಡಿಲಿಸಿ ಎಳೆದರೆ ಹಲ್ಲುಗಳು ಕರಕರ ಎಂದು ಸವೆಯುತ್ತವೆ. ಮೂರು ಕಾಲುಗಳಲ್ಲಿ ಒಂದು, ಚಾಚಿದ ತೋಳಿನ ನೇರ ಕೆಳಗೆ ಬರಬೇಕು. ಎರಡು ಕಾಲುಗಳ ನಡುವಿನ ಖಾಲಿ ಜಾಗದ ಕಡೆಗೆ ತೋಳು ಚಾಚಿದರೆ ಸ್ಟ್ಯಾಂಡ್ ಮಗುಚುತ್ತದೆ. ಕಾಲಿನ ರಬ್ಬರ್ ಕಳೆದಿದ್ದರೆ ಊರುಗೋಲಿನ ತುದಿಗೆ ಹಾಕುವ ರಬ್ಬರ್ ಬುಷ್ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ, ದಪ್ಪ ಅಳೆದುಕೊಂಡು ಹೋಗಿ.

ಹೈ-ಹ್ಯಾಟ್‌ನಲ್ಲಿ (ಪೆಡಲ್ ತುಳಿದರೆ ಒಂದಕ್ಕೊಂದು ಕೂಡುವ ಜೋಡಿ ಸಿಂಬಲ್ಲುಗಳಲ್ಲಿ) ಮೂರೇ ದೂರು ಹೆಚ್ಚು ಬರುತ್ತವೆ. ಪೆಡಲ್ ತುಳಿದರೂ ಮೇಲಿನ ಸಿಂಬಲ್ ಇಳಿಯದಿದ್ದರೆ ನಡುವಿನ ಎಳೆಸರಳು ಕೆಳಗಿನ ಥ್ರೆಡ್‌ನಿಂದ ಬಿಟ್ಟಿದೆ. ಮೇಲಿನ ಸಿಂಬಲ್ಲನ್ನು ಸರಳಿಗೆ ಹಿಡಿಸುವ ಕ್ಲಚ್ ಸಡಿಲಿಸಿ, ಸರಳನ್ನು ಬಲಕ್ಕೆ ತಿರುಗಿಸುತ್ತಾ ಪೂರ್ತಿ ಕೂರಿಸಿ. ಕೆಳಗೆ ಲಾಕ್ ನಟ್ ಇದ್ದರೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ. ಸಿಂಬಲ್ ಇಳಿದು ನಿಧಾನಕ್ಕೆ ಮೇಲೆ ಬರುತ್ತಿದ್ದರೆ ಸರಳು ಬಾಗಿದೆ. ಹೊರತೆಗೆದು ಗ್ರಾನೈಟ್ ಕಟ್ಟೆಯ ಮೇಲೆ ಉರುಳಿಸಿದರೆ ಎಲ್ಲಿ ಬಾಗಿದೆ ಎಂದು ಕಾಣುತ್ತದೆ, ಮರದ ತುಂಡಿನ ಮೇಲಿಟ್ಟು ಕೈಯಿಂದ ಒತ್ತಿ ನೇರ ಮಾಡಬಹುದು. ಕ್ಲಚ್ಚಿನ ತಿರುಪು ಕಚ್ಚಿದ ಜಾಗದಲ್ಲಿ ಸರಳಿನ ಮೇಲೆ ಗಂಟುಗಳೆದ್ದಿದ್ದರೆ, ಇಲ್ಲಿ ಮಾತ್ರ ನಯವಾದ ಎಮರಿ ಪೇಪರ್ ಆಡಿಸಬಹುದು. ಮೂರನೆಯದು, ಹಾಡಿನ ನಡುವೆ ಮೇಲಿನ ಸಿಂಬಲ್ ಕಳಚಿ ಕೆಳಗಿನದರ ಮೇಲೆ ಬೀಳುವುದು. ಕ್ಲಚ್ಚಿನ ಅಡಿಯ ನಟ್ ಬಿಚ್ಚಿಕೊಂಡಿರುತ್ತದೆ. ಅದಕ್ಕೂ ಟೆಫ್ಲಾನ್ ಟೇಪ್ ಎರಡು ಸುತ್ತು. ನಟ್ಟನ್ನು ಪೂರ್ತಿ ಮೇಲಕ್ಕೆ ಬಿಗಿ ಮಾಡಿ, ಸಿಂಬಲ್ಲಿಗೆ ಬೇಕಾದ ಸಡಿಲವನ್ನು ಮೇಲಿನ ಜೋಡಿ ನಟ್ಟುಗಳಲ್ಲಿ ಹೊಂದಿಸಬೇಕು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಕೆಳಗಿನ ಸಿಂಬಲ್ಲಿನ ಅಡಿ ಒಂದು ಸಣ್ಣ ಓರೆ ತಿರುಪಿದೆ. ಅದನ್ನು ಒಂದೆರಡು ಸುತ್ತು ಏರಿಸಿ ಸಿಂಬಲ್ಲನ್ನು ತುಸು ವಾಲಿಸಿದರೆ ಎರಡರ ನಡುವೆ ಗಾಳಿ ಸಿಕ್ಕಿ ಶಬ್ದ ಮಂಕಾಗುವುದು ತಪ್ಪುತ್ತದೆ.

ಬೇಸ್ ಡ್ರಮ್ ಪೆಡಲ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. 1909ರಲ್ಲಿ ಶಿಕಾಗೋದ ಲುಡ್ವಿಗ್ ಸಹೋದರರು ವೇಗವಾಗಿ ತುಳಿಯಬಲ್ಲ ಪೆಡಲನ್ನು ಮಾರಾಟಕ್ಕೆ ತಂದರು. ಒಬ್ಬರೇ ಕೂತು ಇಡೀ ಸೆಟ್ ನುಡಿಸುವುದು ಸುಲಭವಾದದ್ದು ಇಂಥ ಪೆಡಲಿನಿಂದ. ಕಾಲಿನ ಹಲಗೆ, ಚೈನು ಅಥವಾ ಪಟ್ಟಿ, ತಿರುಗುವ ಅಚ್ಚು, ಹಿಂದಕ್ಕೆಳೆಯುವ ಸ್ಪ್ರಿಂಗ್, ಡ್ರಮ್ಮಿಗೆ ಬಡಿಯುವ ಬೀಟರ್ ಇಷ್ಟೇ ಅದರ ಅಂಗಗಳು. ಪ್ರತಿ ಹಾಡಿಗೂ ನೂರಾರು ಸಲ ಚಲಿಸುವ ಭಾಗ ಇದು, ಹಾಗಾಗಿ ಮೊದಲು ದಣಿಯುವುದೂ ಇದೇ.

ಪೆಡಲ್ ಕಿರುಗುಟ್ಟಿದರೆ ಎಲ್ಲ ಕಡೆ ಎಣ್ಣೆ ಸುರಿಯುವ ಬದಲು ಶಬ್ದ ಎಲ್ಲಿಂದ ಬರುತ್ತಿದೆ ಎಂದು ಒಂದೊಂದೇ ಭಾಗ ಕಳಚಿ ಹುಡುಕಬೇಕು. ಪೆಡಲನ್ನು ಡ್ರಮ್ಮಿನಿಂದ ಬಿಡಿಸಿ ಮೇಜಿನ ಮೇಲಿಡಿ. ಬೀಟರ್ ತೆಗೆಯಿರಿ. ಸ್ಪ್ರಿಂಗನ್ನು ಕೆಳಗಿನ ನಟ್ ಸಡಿಲಿಸಿ ಕೊಕ್ಕೆಯಿಂದ ಬಿಡಿಸಿ. ಈಗ ಅಚ್ಚನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ. ಇಲ್ಲೇ ಶಬ್ದ ಬಂದರೆ ತೊಂದರೆ ಅಚ್ಚಿನ ಎರಡು ತುದಿಯ ಬೇರಿಂಗ್‌ಗಳಲ್ಲಿದೆ. ಪ್ರತಿಯೊಂದಕ್ಕೂ ಒಂದು ಹನಿ ಎಣ್ಣೆ ಹಾಕಿ, ಇಪ್ಪತ್ತು ಸಲ ಆಡಿಸಿ, ಹೊರಬಂದ ಕಪ್ಪು ಜಿಡ್ಡನ್ನು ಒರೆಸಿ. ಆಮೇಲೂ ಮರಳು ಅರೆದಂತೆ ಅನ್ನಿಸಿದರೆ ಬೇರಿಂಗ್ ಬದಲಿಸಬೇಕು. ಅದರ ಮೈಮೇಲೆ ಕೆತ್ತಿದ ಸಂಖ್ಯೆಯನ್ನು ಬೇರಿಂಗ್ ಅಂಗಡಿಯಲ್ಲಿ ತೋರಿಸಿ. ಅಚ್ಚು ಮೌನವಾಗಿದ್ದರೆ ಕಾಲಿನ ಹಲಗೆಯನ್ನು ಮಾತ್ರ ಎತ್ತಿ ಇಳಿಸಿ. ಈಗ ಶಬ್ದ ಬಂದರೆ ಹಿಮ್ಮಡಿಯ ಕಡೆಯ ಕೀಲು. ಅಲ್ಲಿ ಸೇರುವ ಮಣ್ಣು ಹೇಳತೀರದು. ಮೊದಲು ಬ್ರಷ್ಷಿನಿಂದ ತೆಗೆದು ಆಮೇಲೆ ಎಣ್ಣೆ. ಕೀಲಿನ ಸರಳು ಪಕ್ಕಕ್ಕೆ ಜಾರಿ ಹೊರಬರುತ್ತಿದ್ದರೆ ಅದನ್ನು ಹಿಡಿದಿಡುವ ಸಣ್ಣ ತಿರುಪು ಬಿದ್ದುಹೋಗಿದೆ ಎಂದರ್ಥ.

ಅದೂ ಮೌನವಾಗಿದ್ದರೆ ಸ್ಪ್ರಿಂಗ್ ಮತ್ತೆ ಸಿಕ್ಕಿಸಿ ತುಳಿಯಿರಿ. ಬಹುತೇಕ ಸಲ ಕಳ್ಳ ಸಿಗುವುದು ಇಲ್ಲಿಯೇ. ಸ್ಪ್ರಿಂಗಿನ ಮೇಲಿನ ಕೊಕ್ಕೆ ತೂಗುವ ಜಾಗದಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ. ಅಲ್ಲಿ ಒಂದು ಕಣ ಗ್ರೀಸ್, ಕೆಳಗಿನ ಕೊಕ್ಕೆಗೂ ಒಂದು ಕಣ. ಸ್ಪ್ರಿಂಗ್ ಸುರುಳಿಯೊಳಗೆ ಒಂದು ಸಣ್ಣ ಫೆಲ್ಟ್ ತುಂಡು ಇದ್ದರೆ ತೆಗೆದು ಬಿಸಾಡಬೇಡಿ, ಅದು ಝಣಝಣ ತಡೆಯಲು ಕಂಪನಿಯವರೇ ಹಾಕಿರುವುದು. ಇಷ್ಟೆಲ್ಲ ಆದಮೇಲೂ ವೇದಿಕೆಯಲ್ಲಿ ಶಬ್ದ ಬಂದರೆ ಪೆಡಲಿನ ತಳ ಹಲಗೆಗೆ ಉಜ್ಜುತ್ತಿದೆಯೇ ನೋಡಿ. ಒಂದು ಚೂರು ಜಮಖಾನ ಹಾಕಿದರೆ ನಿಲ್ಲುತ್ತದೆ.

ಸ್ಪ್ರಿಂಗ್ ಹೆಚ್ಚಾಗಿ ಕೊಕ್ಕೆಯ ಬಾಗಿನಲ್ಲೇ ಮುರಿಯುತ್ತದೆ. ಅಲ್ಲಿ ತುಕ್ಕಿನ ಗೆರೆ ಕಂಡರೆ ಮುರಿಯುವ ದಿನ ಹತ್ತಿರವಿದೆ, ಮೊದಲೇ ಒಂದು ತರಿಸಿಡಿ. ಬೈಕಿನ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿರುವ ಪೆಡಲುಗಳು ಊರೂರಿಗೆ ಸಿಗುತ್ತವೆ. ಅದು ತೀರಾ ಬಿರುಸು; ಮಕ್ಕಳ ಕಣಕಾಲು ನೋಯುತ್ತದೆ, ಅಚ್ಚು ಬಾಗುತ್ತದೆ. ಸ್ಪ್ರಿಂಗಿನ ಬಿಗಿ ಹೊಂದಿಸಿದ ಮೇಲೆ ಲಾಕ್ ನಟ್ಟನ್ನು ಮರೆಯದೆ ಬಿಗಿ ಮಾಡಿ, ಇಲ್ಲದಿದ್ದರೆ ಎರಡು ಹಾಡಿಗೆ ಅದು ಇಳಿದು ಸ್ಪ್ರಿಂಗ್ ಕಳಚುತ್ತದೆ. ಪಟ್ಟಿಯಿರುವ ಪೆಡಲಿನಲ್ಲಿ ಪಟ್ಟಿಯ ತೂತು ಹರಿದಿದ್ದರೆ ಚಪ್ಪಲಿ ಹೊಲಿಯುವವರ ಬಳಿ ಅದೇ ಅಗಲದ ದಪ್ಪ ಚರ್ಮದ ಪಟ್ಟಿಗೆ ಹಳೆಯದರ ಅಳತೆಯಲ್ಲಿ ತೂತು ಹೊಡೆಸಿ. ಹೊಸ ಚರ್ಮ ಮೊದಲ ವಾರ ಸ್ವಲ್ಪ ಹಿಗ್ಗುತ್ತದೆ, ಆಗ ಮತ್ತೊಮ್ಮೆ ಹೊಂದಿಸಬೇಕು.

ಬೀಟರ್ ಸುಮ್ಮನಿರುವಾಗ ಹೆಡ್‌ನಿಂದ ಸುಮಾರು 45 ಡಿಗ್ರಿ ಹಿಂದಕ್ಕೆ ವಾಲಿರಲಿ. ಅದರ ಮುಖದ ಫೆಲ್ಟ್ ಒಂದು ಕಡೆ ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ ಬೀಟರನ್ನು ಕಾಲು ಸುತ್ತು ತಿರುಗಿಸಿ, ಹೊಸ ಮುಖ ಸಿಗುತ್ತದೆ. ಬೀಟರನ್ನು ಹಿಡಿಯುವ ಚೌಕ ತಲೆಯ ತಿರುಪನ್ನು ಪ್ರತಿ ಕಾರ್ಯಕ್ರಮಕ್ಕೂ ಮುನ್ನ ಡ್ರಮ್ ಕೀಯಿಂದ ಪರೀಕ್ಷಿಸಿ. ಬೇಸ್ ಡ್ರಮ್ಮಿನ ಮರದ ರಿಮ್ಮಿಗೆ ಪೆಡಲ್ ಕಚ್ಚುವ ಜಾಗದಲ್ಲಿ ಸೈಕಲ್ ಟ್ಯೂಬಿನ ತುಂಡು ಮಡಚಿ ಇಡಿ. ಅದಿಲ್ಲದೆ ಬಿಗಿ ಮಾಡಿದ್ದರಿಂದ ಸೀಳಿದ ರಿಮ್ಮುಗಳು ಲೆಕ್ಕವಿಲ್ಲದಷ್ಟು.

ಬೇಸ್ ಡ್ರಮ್ ಮುಂದಕ್ಕೆ ಜಾರುತ್ತದೆಂದು ಎದುರಿಗೆ ಕಲ್ಲು, ಇಟ್ಟಿಗೆ ಇಡುವುದು ಗಣಪತಿ ಪೆಂಡಾಲುಗಳಲ್ಲಿ ಸಾಮಾನ್ಯ ದೃಶ್ಯ. ಎರಡು ಪಕ್ಕದ ಮುಂಗಾಲುಗಳನ್ನು ಒಂದೇ ಕೋನಕ್ಕೆ ಮುಂದಕ್ಕೆ ಚಾಚಿ, ಡ್ರಮ್ಮಿನ ಮುಂದಿನ ಅಂಚು ನೆಲದಿಂದ ಒಂದು ಬೆರಳು ಮೇಲೆ ನಿಲ್ಲುವಂತೆ ಮಾಡಿ. ಕಾಲಿನ ತುದಿಯ ರಬ್ಬರ್ ತಿರುಗಿಸಿದರೆ ಒಳಗೆ ಮೊಳೆಯ ಮೊನೆ ಇರುತ್ತದೆ. ತೆಂಗಿನ ನಾರಿನ ಮ್ಯಾಟ್ ಅಥವಾ ಜಮಖಾನದ ಮೇಲೆ ಮೊನೆ, ಬರಿ ನೆಲದ ಮೇಲೆ ರಬ್ಬರ್. ಕುರ್ಚಿ ಮತ್ತು ಪೆಡಲ್ ಅದೇ ಮ್ಯಾಟಿನ ಮೇಲಿರಬೇಕು. ನುಡಿಸುವವರ ಭಾರವೇ ಮ್ಯಾಟನ್ನು ಹಿಡಿದಿಡುತ್ತದೆ.

ಸ್ನೇರ್‌ನ ತಂತಿ ಜಾಲರಿ ಸರಿಯಾಗಿ ನುಡಿಯದಿದ್ದರೆ ಜಾಲರಿ ಎರಡೂ ಅಂಚಿನಿಂದ ಸಮ ದೂರದಲ್ಲಿದೆಯೇ ಮೊದಲು ನೋಡಿ. ಅದನ್ನು ಕಟ್ಟುವ ದಾರ ಹರಿದಿದ್ದರೆ ಹಳೆಯ ಹರಿದ ಡ್ರಮ್ ಹೆಡ್‌ನಿಂದ ಒಂದೂವರೆ ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಕತ್ತರಿಸಿ ಹಾಕಿ, ದಾರಕ್ಕಿಂತ ಚೆನ್ನಾಗಿ ಬಾಳುತ್ತದೆ. ಒಂದು ತಂತಿ ಹಿಗ್ಗಿ ಜೋತು ಬಿದ್ದು ಸದಾ ಝುಂಯ್‌ಗುಡುತ್ತಿದ್ದರೆ ಕಟಿಂಗ್ ಪ್ಲೈಯರ್‌ನಲ್ಲಿ ಎರಡೂ ತುದಿಯಲ್ಲಿ ಕತ್ತರಿಸಿ ತೆಗೆಯಿರಿ. ಇಪ್ಪತ್ತು ತಂತಿಗಳಲ್ಲಿ ಒಂದೆರಡು ಹೋದರೆ ನಾದ ಕೆಡುವುದಿಲ್ಲ. ಜಾಲರಿಯನ್ನು ಹೆಡ್‌ಗೆ ತಾಗಿಸುವ ಪಕ್ಕದ ಲಿವರನ್ನು ಏರಿಸುವ ಮೊದಲು ಬಿಗಿ ಮಾಡುವ ಗುಂಡಿಯನ್ನು ಸಡಿಲಿಸಿ, ಏರಿಸಿದ ಮೇಲೆ ನಿಧಾನಕ್ಕೆ ಬಿಗಿ ಮಾಡಿ. ಬಿಗಿಯಿರುವಾಗಲೇ ಬಲವಂತದಿಂದ ಏರಿಸಿದರೆ ಲಿವರಿನ ಪಿನ್ ಮುರಿಯುತ್ತದೆ. ಸ್ನೇರ್ ಸ್ಟ್ಯಾಂಡಿನ ಬುಟ್ಟಿ ಡ್ರಮ್ಮನ್ನು ಎತ್ತಿ ಹಿಡಿದರೆ ಸಾಕು, ಹಿಂಡಬಾರದು.

ಎಲ್ಲಿಂದಲೋ ಗಿಲಗಿಲ ಸದ್ದು ಬರುತ್ತಿದ್ದರೆ ಒಬ್ಬರು ಡ್ರಮ್ ಹೊಡೆಯುತ್ತಿರಲಿ, ಇನ್ನೊಬ್ಬರು ಒಂದೊಂದೇ ಲಗ್ಗನ್ನು ಬೆರಳಿಂದ ಒತ್ತುತ್ತಾ ಬರಲಿ. ಒತ್ತಿದಾಗ ಸದ್ದು ನಿಂತ ಲಗ್‌ನೊಳಗೆ ಸಣ್ಣ ಸ್ಪ್ರಿಂಗ್ ಸಡಿಲಾಗಿರುತ್ತದೆ, ಬಿಚ್ಚಿ ಚೂರು ಹತ್ತಿ ತುರುಕಿದರೆ ಆಯಿತು.

ಕೂರುವ ಸ್ಟೂಲನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ಮುರಿದರೆ ಬೀಳುವುದು ಮಗು. ಎತ್ತರ ನಿಲ್ಲಿಸುವ ಪಿನ್ ತೂತಿನ ಆಚೆ ಬದಿಯವರೆಗೆ ಪೂರ್ತಿ ಹೋಗಿದೆಯೇ ಪ್ರತಿ ಸಲ ನೋಡಿ. ಸೀಟಿನ ಅಡಿಯ ಪ್ಲೈವುಡ್‌ನಲ್ಲಿ ಸ್ಕ್ರೂಗಳು ಸಡಿಲಾಗಿದ್ದರೆ ತೂತಿಗೆ ಫೆವಿಕಾಲ್ ಸವರಿದ ಎರಡು ಬೆಂಕಿಕಡ್ಡಿ ತುರುಕಿ, ಒಂದು ದಿನ ಒಣಗಿಸಿ, ಮತ್ತೆ ಸ್ಕ್ರೂ ಹಾಕಿ. ಪ್ಲೈವುಡ್ಡೇ ಪದರ ಬಿಟ್ಟಿದ್ದರೆ ರಿಪೇರಿಗೆ ಹೋಗದೆ ಹೊಸ ಹಲಗೆ ಹಾಕಿಸಿ.

ಸಂಸ್ಥೆಗಳವರಲ್ಲಿ ನಮ್ಮ ಕೇಳಿಕೆ ಇಷ್ಟು. ಸೆಟ್ಟಿನ ಡ್ರಮ್ ಕೀಯನ್ನು ಒಬ್ಬರ ಹೆಸರಿಗೆ ಒಪ್ಪಿಸಿ, ಅವರನ್ನು ಬಿಟ್ಟು ಬೇರೆಯವರು ಬಿಚ್ಚದಿರಲಿ. ಮೇ ಕೊನೆಯಲ್ಲಿ ಮಳೆಗೆ ಮುನ್ನ ಒಮ್ಮೆ, ಹಬ್ಬಕ್ಕೆ ಹದಿನೈದು ದಿನ ಇರುವಾಗ ಇನ್ನೊಮ್ಮೆ ಸೆಟ್ಟನ್ನು ಪೂರ್ತಿ ಜೋಡಿಸಿ ನೋಡಿ. ಕಾರ್ಯಕ್ರಮದ ಸಂಜೆ ಜೋಡಿಸಿದರೆ ಸಿಗದ ಭಾಗ ತರಿಸಲು ಸಮಯವಿರುವುದಿಲ್ಲ. ಒಂದು ಟಿಫಿನ್ ಡಬ್ಬಿಯಲ್ಲಿ ನಾಲ್ಕು ಫೆಲ್ಟ್, ಲೆವೆಲ್ ಪೈಪಿನ ನಾಲ್ಕು ತುಂಡು, ಎರಡು ವಿಂಗ್ ನಟ್, ನಾಲ್ಕು ಟೆನ್ಷನ್ ರಾಡ್, ಒಂದು ಪೆಡಲ್ ಸ್ಪ್ರಿಂಗ್, ಒಂದು ಹೈ-ಹ್ಯಾಟ್ ಕ್ಲಚ್, ಟೆಫ್ಲಾನ್ ಟೇಪ್, ಎಣ್ಣೆಯ ಪುಟ್ಟ ಬಾಟಲಿ, ಇನ್ನೊಂದು ಡ್ರಮ್ ಕೀ ಸೆಟ್ಟಿನ ಜೊತೆಗೇ ಇರಲಿ.

ನಿಜಕ್ಕೂ ಮುರಿದುಹೋದ ಸ್ಟ್ಯಾಂಡನ್ನು ಸಹ ಗುಜರಿಗೆ ಹಾಕುವ ಮೊದಲು ಅದರ ವಿಂಗ್ ಬೋಲ್ಟ್, ಬುಷ್, ರಬ್ಬರ್ ಕಾಲು, ಬಟ್ಟಲು ವಾಷರ್, ಓರೆ ತಲೆ ಇವನ್ನು ಬಿಚ್ಚಿ ಅದೇ ಡಬ್ಬಿಗೆ ಹಾಕಿ. ನಿಮಗೆ ಬೇಡವಾದರೆ ಪಕ್ಕದ ಊರಿನ ಶಾಲೆಗೋ ಚರ್ಚಿಗೋ ಕೊಡಿ. ಅಲ್ಲೊಂದು ಸ್ಟ್ಯಾಂಡ್ ಅದೇ ವಾಷರಿಗಾಗಿ ಮೂಲೆಯಲ್ಲಿ ನಿಂತಿರುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ಡ್ರಮ್ ವಾದಕರು ಮತ್ತು ವಾದ್ಯ ರಿಪೇರಿ ಮಾಡುವವರು,
ಚಿಕ್ಕಮಗಳೂರು